1908: ಆಸ್ಟ್ರೇಲಿಯಾದಲ್ಲಿ ರಗ್ಬಿ ಲೀಗ್ ಹುಟ್ಟಿದ ವರ್ಷ

ಆಸ್ಟ್ರೇಲಿಯಾದ ಮೊದಲ ರಗ್ಬಿ ಲೀಗ್ ಕ್ಲಬ್ ಟೂರ್ನಿ ಸಿಡ್ನಿಯಲ್ಲಿ 1908ರ ಏಪ್ರಿಲ್ 20ರಂದು, ಈಸ್ಟರ್ ಸೋಮವಾರ, ಆರಂಭವಾಯಿತು. ಅದೇ ವರ್ಷ ಆಸ್ಟ್ರೇಲಿಯಾ ತಂಡ ಮೊದಲ ಟೆಸ್ಟ್ ಆಡಿತು, ಮೊದಲ ಬ್ರಿಟನ್ ಪ್ರವಾಸಕ್ಕೂ ಹೊರಟಿತು. ಇಷ್ಟಕ್ಕೆಲ್ಲ ಮೂಲ ಒಂದು ಸರಳ ಪ್ರಶ್ನೆ: ಆಟದಲ್ಲಿ ಗಾಯಗೊಂಡು ಕೆಲಸಕ್ಕೆ ಹೋಗಲಾಗದವನ ಮನೆಯ ಖರ್ಚನ್ನು ಯಾರು ನೋಡಿಕೊಳ್ಳಬೇಕು?

ಹಿನ್ನೆಲೆ

ಈ ಪ್ರಶ್ನೆ ಮೊದಲು ಎದ್ದಿದ್ದು ಇಂಗ್ಲೆಂಡಿನ ಉತ್ತರ ಭಾಗದಲ್ಲಿ. ಶನಿವಾರ ಪಂದ್ಯವಾಡಲು ಕೆಲಸ ಬಿಟ್ಟು ಬರುತ್ತಿದ್ದ ಗಣಿ ಮತ್ತು ಗಿರಣಿ ಕಾರ್ಮಿಕರಿಗೆ ಕಳೆದುಕೊಂಡ ಕೂಲಿಯನ್ನಾದರೂ ಕೊಡಬೇಕು ಎಂಬ ಬೇಡಿಕೆಯನ್ನು ರಗ್ಬಿ ಯೂನಿಯನ್ ಒಪ್ಪಲಿಲ್ಲ. ಹೀಗಾಗಿ 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನಲ್ಲಿ ಸಭೆ ಸೇರಿದ ಕ್ಲಬ್‌ಗಳು 'ನಾರ್ದರ್ನ್ ಯೂನಿಯನ್' ಕಟ್ಟಿಕೊಂಡವು. 1906ರಲ್ಲಿ ತಂಡದ ಆಟಗಾರರ ಸಂಖ್ಯೆಯನ್ನು 15ರಿಂದ 13ಕ್ಕೆ ಇಳಿಸಿ ಆಟಕ್ಕೆ ವೇಗ ತಂದವು.

ಸಿಡ್ನಿಯಲ್ಲಿ ಕಿಡಿ ಹೊತ್ತಿಸಿದ್ದು ಅಲೆಕ್ಸ್ ಬರ್ಡನ್ ಪ್ರಕರಣ. ಪಂದ್ಯದಲ್ಲಿ ಗಾಯಗೊಂಡು ದುಡಿಮೆ ನಿಂತರೂ ಅವರಿಗೆ ಪರಿಹಾರ ಸಿಗಲಿಲ್ಲ. ಅಸಮಾಧಾನಗೊಂಡ ಆಟಗಾರರು ಖ್ಯಾತ ಕ್ರಿಕೆಟಿಗ ವಿಕ್ಟರ್ ಟ್ರಂಪರ್ ಅವರ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಸೇರತೊಡಗಿದರು. ಟೆಸ್ಟ್ ಪಂದ್ಯದ ಮೊದಲ ದಿನ ಊಟದ ವಿರಾಮಕ್ಕೂ ಮುನ್ನ ಶತಕ ಬಾರಿಸಿದ ಮೊದಲಿಗ ಇದೇ ಟ್ರಂಪರ್. 1907ರ ಆಗಸ್ಟ್ 8ರಂದು ಹೊಸ ಲೀಗ್ ಸ್ಥಾಪನೆಯಾಯಿತು. ಹೆನ್ರಿ ಹೋಯ್ಲ್ ಅಧ್ಯಕ್ಷ, ಜೇಮ್ಸ್ ಗಿಲ್ಟಿನನ್ ಕಾರ್ಯದರ್ಶಿ, ಟ್ರಂಪರ್ ಖಜಾಂಚಿ.

ಕ್ಲಬ್ ಟೂರ್ನಿ

ಸೌತ್ ಸಿಡ್ನಿ, ಈಸ್ಟರ್ನ್ ಸಬರ್ಬ್ಸ್, ಗ್ಲೀಬ್, ನ್ಯೂಟೌನ್, ಬಾಲ್ಮೇನ್, ನಾರ್ತ್ ಸಿಡ್ನಿ, ವೆಸ್ಟರ್ನ್ ಸಬರ್ಬ್ಸ್, ನ್ಯೂಕ್ಯಾಸಲ್ ಮತ್ತು ತಡವಾಗಿ ಸೇರಿದ ಕಂಬರ್ಲೆಂಡ್ ಹೀಗೆ ಒಟ್ಟು 9 ತಂಡಗಳು ಕಣದಲ್ಲಿದ್ದವು. ಕಂಬರ್ಲೆಂಡ್ ಒಂದೇ ಋತುವಿಗೆ ಮುಗಿದುಹೋಯಿತು.

ಫೈನಲ್ ನಡೆದಿದ್ದು 1908ರ ಆಗಸ್ಟ್ 29ರಂದು, ಅಂದರೆ ಹಡರ್ಸ್‌ಫೀಲ್ಡ್ ಸಭೆ ನಡೆದು ಸರಿಯಾಗಿ 13 ವರ್ಷಕ್ಕೆ. ಸೌತ್ ಸಿಡ್ನಿ 14–12ರಿಂದ ಈಸ್ಟರ್ನ್ ಸಬರ್ಬ್ಸ್ ತಂಡವನ್ನು ಮಣಿಸಿ ಮೊದಲ ಚಾಂಪಿಯನ್ ಆಯಿತು. ಆದರೆ ಆ ಕಾಲದ ದೊಡ್ಡ ತಾರೆ, ಈಸ್ಟರ್ನ್ ಸಬರ್ಬ್ಸ್‌ನ ಡ್ಯಾಲಿ ಮೆಸೆಂಜರ್ ಅಂದು ಮೈದಾನದಲ್ಲಿರಲಿಲ್ಲ. ಅವರೂ ಸೇರಿದಂತೆ ಎರಡೂ ತಂಡಗಳ ಹಲವು ಪ್ರಮುಖರು ಆಗಲೇ ಬ್ರಿಟನ್‌ಗೆ ಹಡಗು ಹತ್ತಿದ್ದರು.

ರಾಷ್ಟ್ರೀಯ ತಂಡ

ಆಲ್ಬರ್ಟ್ ಬ್ಯಾಸ್ಕರ್‌ವಿಲ್ ಸಂಘಟಿಸಿದ್ದ ನ್ಯೂಜಿಲೆಂಡ್ ತಂಡ ಬ್ರಿಟನ್ ಪ್ರವಾಸ ಮುಗಿಸಿ ಆಸ್ಟ್ರೇಲಿಯಾಕ್ಕೆ ಬಂದಿತ್ತು. ದುಡ್ಡಿಗಾಗಿ ಆಡುವವರು ಎಂದು ಅಣಕಿಸಿ ಪತ್ರಿಕೆಗಳು ಅದಕ್ಕೆ 'ಆಲ್ ಗೋಲ್ಡ್ಸ್' ಎಂದು ಹೆಸರಿಟ್ಟಿದ್ದವು. ಮೇ 9ರಂದು ಸಿಡ್ನಿಯಲ್ಲಿ ನಡೆದ ಮೊದಲ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ 10–11ರಿಂದ ಸೋತಿತು. ಸರಣಿ ನಡೆಯುತ್ತಿರುವಾಗಲೇ, ಮೇ 20ರಂದು, ಬ್ಯಾಸ್ಕರ್‌ವಿಲ್ ನ್ಯುಮೋನಿಯಾದಿಂದ ಬ್ರಿಸ್ಬೇನ್‌ನಲ್ಲಿ ನಿಧನರಾದರು. ಆಗ ಅವರಿಗೆ ಕೇವಲ 25 ವರ್ಷ. ಸರಣಿ 2–1ರಿಂದ ನ್ಯೂಜಿಲೆಂಡ್ ಪಾಲಾಯಿತು.

'ಕಾಂಗರೂಸ್' ಹೆಸರಿನಲ್ಲಿ ಬ್ರಿಟನ್‌ಗೆ ಹೋದ ಆಸ್ಟ್ರೇಲಿಯಾ ತಂಡ ಜೊತೆಗೊಂದು ಜೀವಂತ ಕಾಂಗರೂವನ್ನೂ ಒಯ್ದಿತ್ತು. ಅದು ಇಂಗ್ಲೆಂಡಿನಲ್ಲೇ ಸತ್ತಿತು. ಲಂಡನ್‌ನಲ್ಲಿ ಡಿಸೆಂಬರ್ 12ರಂದು ನಡೆದ ಮೊದಲ ಟೆಸ್ಟ್ 22–22ರಲ್ಲಿ ಸಮಬಲವಾಯಿತು. ಉಳಿದೆರಡು ಟೆಸ್ಟ್‌ಗಳನ್ನು ಆತಿಥೇಯರು ಗೆದ್ದರು. ಲ್ಯಾಂಕಶೈರ್‌ನ ಹತ್ತಿ ಗಿರಣಿಗಳು ಮುಚ್ಚಿದ್ದರಿಂದ ಕಾರ್ಮಿಕರ ಕೈಯಲ್ಲಿ ಕಾಸಿರಲಿಲ್ಲ, ಪಂದ್ಯಗಳಿಗೆ ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಪ್ರವಾಸ ನಷ್ಟಕ್ಕೆ ಬಿದ್ದು ಗಿಲ್ಟಿನನ್ ದಿವಾಳಿಯಾದರು. ತಂಡ ಮನೆಗೆ ಮರಳಲು ನಾರ್ದರ್ನ್ ಯೂನಿಯನ್ ನೆರವಾಗಬೇಕಾಯಿತು.

ಪರಿಣಾಮ

ಹಣಕಾಸಿನ ಗೊಂದಲದ ನಡುವೆ 1909ರಲ್ಲಿ ಹೋಯ್ಲ್, ಗಿಲ್ಟಿನನ್ ಮತ್ತು ಟ್ರಂಪರ್ ಮೂವರೂ ಹುದ್ದೆ ಕಳೆದುಕೊಂಡರು. ಆಟ ಮಾತ್ರ ಉಳಿಯಿತು. ಅದೇ ವರ್ಷ, 1908ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ರಗ್ಬಿ ಯೂನಿಯನ್ ತಂಡದ ಹಲವರು ಸಂಭಾವನೆ ಪಡೆದು ಲೀಗ್ ಕಡೆ ಬಂದರು. ನಂತರದ ದಿನಗಳಲ್ಲಿ ಸಿಡ್ನಿಯ ಚಳಿಗಾಲದ ಮುಖ್ಯ ಆಟ ರಗ್ಬಿ ಲೀಗೇ ಆಯಿತು.

1908ರ ಫೈನಲ್ ಆಡಿದ ಎರಡೂ ಕ್ಲಬ್‌ಗಳು ಇಂದಿಗೂ ಇವೆ. ಈಸ್ಟರ್ನ್ ಸಬರ್ಬ್ಸ್ ಈಗ ಸಿಡ್ನಿ ರೂಸ್ಟರ್ಸ್. ಮೊದಲ ವರ್ಷದಿಂದ ಒಂದು ಋತುವನ್ನೂ ತಪ್ಪಿಸದ ಏಕೈಕ ಕ್ಲಬ್ ಅದು. ಸೌತ್ ಸಿಡ್ನಿ 2014ರಲ್ಲಿ ತನ್ನ 21ನೇ ಪ್ರಶಸ್ತಿ ಗೆದ್ದಿತು. ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದ ತಂಡಕ್ಕೆ ಪ್ರತಿವರ್ಷ ನೀಡುವ ಫಲಕಕ್ಕೆ, ಆಟಕ್ಕಾಗಿ ಕೈ ಬರಿದು ಮಾಡಿಕೊಂಡ ಗಿಲ್ಟಿನನ್ ಅವರ ಹೆಸರಿದೆ.