ಕಲ್ಯಾಣದ ಎರಡು ಪಂಕ್ತಿಗಳು

ಹಿಂದಿನವರ ಬಾಳನ್ನು ಅರಿಯಲೆಳಸುವವರು ಶಾಸನಗಳನ್ನೂ ಯುದ್ಧವಾರ್ತೆಗಳನ್ನೂ ಶೋಧಿಸುವುದು ವಾಡಿಕೆ. ಅಡಿಗೆಯ ಮನೆಯತ್ತ ಇಣಿಕಿ ನೋಡುವವರು ವಿರಳ. ಆದರೆ ಯಾರು ಯಾರೊಡನೆ ಕುಳಿತು ಉಂಡರು, ಆ ಅನ್ನವು ಎಲ್ಲಿಂದ ಬಂದಿತು ಎಂದು ವಿಚಾರಿಸಿದರೆ ಒಂದು ಸಮಾಜದ ಅಂತರಂಗವೇ ತೋರಿಬರುವುದು. ಶ್ರೋತೃಗಳು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ, ಎಂದರೆ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ, ನನ್ನೊಡನೆ ಬರಬೇಕೆಂದು ಅರಿಕೆ.

ಅಲ್ಲಿ 1126ರಿಂದ 1138ರವರೆಗೆ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ‘ಅನ್ನಭೋಗ’ಕ್ಕೂ ಸ್ಥಾನವುಂಟು. ಇಡ್ಡರಿಕಾ, ದೋಸಕ ಮೊದಲಾಗಿ ಅಲ್ಲಿ ಬರುವ ಹೆಸರುಗಳು ನಮ್ಮ ಇಡ್ಡಲಿ ದೋಸೆಗಳ ಪೂರ್ವಿಕರವು. ಆಗಿನ ಇಡ್ಡಲಿಗೆ ಅಕ್ಕಿಯಿಲ್ಲ, ಬರಿಯ ಉದ್ದು. ಅದಕ್ಕೂ ನೂರು ವರ್ಷ ಹಿಂದೆ, 1025ರ ಸುಮಾರಿನಲ್ಲಿ, ಇಮ್ಮಡಿ ಚಾವುಂಡರಾಯನು ಗೃಹಸ್ಥರಿಗೆ ಉಪಯುಕ್ತವಾಗಲೆಂದು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿಯೂ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೆಣಸು ಜೀರಿಗೆ ಇಂಗುಗಳನ್ನು ಬೆರೆಸುವ ವಿಧಾನವಿದೆ. ಇನ್ನು ಅರಸನ ಊಟ: ಮೆತ್ತನೆಯ ಆಸನ, ನಾಭಿಯಿಂದ ಮೊಣಕಾಲಿನವರೆಗೆ ಹರಡಿದ ಬಿಳಿಯ ವಸ್ತ್ರ, ಮೊದಲಿಗೆ ಅನ್ನ, ಹೆಸರುಬೇಳೆ, ತುಪ್ಪ, ಕೊನೆಗೆ ಮೊಸರು ಮಜ್ಜಿಗೆ. ಈ ಕ್ರಮವನ್ನು ನಾವು ಇನ್ನೂ ಬಿಟ್ಟಿಲ್ಲವಷ್ಟೆ! ಚಕ್ರವರ್ತಿಯು ಒಬ್ಬನೇ ಉಣ್ಣಲೊಲ್ಲನು. ಮಕ್ಕಳು ಮೊಮ್ಮಕ್ಕಳೂ ಬಂಧುಗಳೂ ಜೊತೆಗಿರಬೇಕು. ಸೊಗಸಾದ ಮಾತೇ ಸರಿ. ಆದರೆ ಆ ಪಂಕ್ತಿಯು ಅರಮನೆಯ ಗೋಡೆಯೊಳಗೇ ಮುಗಿಯಿತು.

ಮೂವತ್ತು ವರ್ಷ ಕಳೆಯುವಷ್ಟರಲ್ಲಿ, ಬಿಜ್ಜಳನ ಕಾಲಕ್ಕೆ, ಅದೇ ಪಟ್ಟಣದಲ್ಲಿ ಬೇರೊಂದು ಪಂಕ್ತಿ ಹಾಕಿತು. ಬಸವಣ್ಣನವರ ಮಹಾಮನೆಯಲ್ಲಿ ಕುಲವನ್ನು ಕೇಳದೆ ಎಲೆ ಹಾಕುತ್ತಿದ್ದರು. ಜೊತೆಯಾಗಿ ಉಣ್ಣುವುದೆಂದರೆ ಆಗ ಬರಿಯ ಸಂತೋಷವಲ್ಲ, ಸಾಹಸ. ಶರಣರು ತಮ್ಮ ತಮ್ಮ ಮನೆಗಳಲ್ಲಿಯೂ ದಾಸೋಹವನ್ನು ನಡೆಯಿಸುತ್ತಿದ್ದರು. ಅವರಲ್ಲಿ ಮಾರಯ್ಯ ಲಕ್ಕಮ್ಮ ದಂಪತಿಗಳದು ಕಡುಬಡತನ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಮಾರಯ್ಯನು ಆಯ್ದು ತರುವನು. ಲಕ್ಕಮ್ಮನು ಅದನ್ನು ಅಟ್ಟು ಜಂಗಮರಿಗೆ ಬಡಿಸಿ, ಉಳಿದುದನ್ನು ಇಬ್ಬರೂ ಉಣ್ಣುವರು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಒಲೆಯ ಮುಂದಿದ್ದ ಹೆಂಡತಿ ಅದನ್ನು ಮುಟ್ಟಲಿಲ್ಲ. ಬೇಕಾದುದಕ್ಕಿಂತ ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಇಂಥ ಆಸೆಯು ಅರಸರಿಗೆ ತಕ್ಕುದೇ ಹೊರತು ಭಕ್ತರಿಗೆ ತಕ್ಕುದಲ್ಲವೆಂಬುದು ಅವಳ ವಚನದ ಭಾವ. ಸೋಮೇಶ್ವರನ ಪಾಕಶಾಲೆಯಿದ್ದ ಊರಿನಲ್ಲಿಯೇ ಈ ಮಾತು ಹುಟ್ಟಿತೆಂಬುದನ್ನು ನೆನೆದಾಗ ನನಗೆ ರೋಮಾಂಚವಾಗುತ್ತದೆ.

ಆ ಪಿಡಿ ಅಕ್ಕಿಯಲ್ಲಿಯೇ ಅವಳು 1,96,000 ಜಂಗಮರಿಗೆ ಉಣಬಡಿಸಿದಳೆಂದು ಸಂಪ್ರದಾಯವು ಹೇಳುವುದು. ಲೆಕ್ಕವನ್ನು ಇತಿಹಾಸಕಾರನು ಒಪ್ಪಬೇಕಾಗಿಲ್ಲ. ಕಲ್ಯಾಣದ ಶರಣರು 1167ರ ಸುಮಾರಿನ ಕ್ಷೋಭೆಯಲ್ಲಿ ಚೆದರಿಹೋದರು. ಲಕ್ಕಮ್ಮನ ವಚನಗಳು ಉಳಿದುವು. ಅವುಗಳ ಅಂಕಿತದಲ್ಲಿರುವುದು ಗಂಡನ ಹೆಸರು. ಅವಳ ಹೆಸರಿನ ಮುಂದೆ ಜನರು ಸೇರಿಸಿದುದು ಅವಳು ಅಟ್ಟ ಅಕ್ಕಿಯನ್ನು. ಆಯ್ದಕ್ಕಿ ಲಕ್ಕಮ್ಮನೆಂದೇ ಕನ್ನಡಿಗರು ಅವಳನ್ನು ಬಲ್ಲರು.