ಮುಳುಗುವ ಊರು, ಉಳಿಯುವ ಚಿತ್ರ

ಮುಧೋಳದ ಮಗ್ಗುಲಿನಿಂದ ಹರಿದುಬರುವ ಘಟಪ್ರಭೆ, ರಬಕವಿ-ಬನಹಟ್ಟಿ ಹಾಗೂ ಜಮಖಂಡಿ ಸೀಮೆಯನ್ನು ಹಾಯ್ದುಬರುವ ಕೃಷ್ಣೆ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಕೂಡುತ್ತವೆ. ಆಲಮಟ್ಟಿ ಜಲಾಶಯ ತುಂಬಿದಾಗ ಅಲ್ಲಿಯ ಸಂಗಮೇಶ್ವರನ ಗುಡಿಯನ್ನು ಹಿನ್ನೀರು ಆವರಿಸುತ್ತದೆ. ಬೇಸಿಗೆಯಲ್ಲಿ ನೀರು ಸರಿದರೆ ಗುಡಿ ಮತ್ತೆ ತಲೆ ಎತ್ತುತ್ತದೆ. ಸುತ್ತಲಿನ ಎಷ್ಟೋ ಊರುಗಳಿಗೆ ಆ ಭಾಗ್ಯವಿಲ್ಲ.

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರಲ್ಲಿ. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಸಮರ್ಪಿಸಿದ್ದು 2006ರಲ್ಲಿ. ಈ ನಡುವೆ ಹಳೆಯ ಬಾಗಲಕೋಟೆಯ ಒಂದು ಭಾಗ ನೀರಿಗೆ ಸೇರಿತು. ನವನಗರ ಎದ್ದು ನಿಂತಿತು. ಒಣ ಹೊಲಗಳಿಗೆ ನೀರು ಬಂತು. ಆದರೆ ನೀರು ಕೊಟ್ಟವರ ಊರು ಹೋಯಿತು.

ಪರಿಹಾರಕ್ಕಾಗಿ ಅಳತೆ ನಡೆದಾಗ ಮನೆ, ಬಾವಿ, ಗಿಡಮರಗಳೆಲ್ಲ ಲೆಕ್ಕಕ್ಕೆ ಸಿಗುತ್ತವೆ. ಅಗಸಿಯ ಕಟ್ಟೆಯ ಮೇಲಿನ ಸಂಜೆಯ ಹರಟೆ, ಮಣ್ಣಿನ ಮಾಳಿಗೆಯ ಬೆಳಕಿಂಡಿಯಿಂದ ಪಡಸಾಲೆಗೆ ಇಳಿಯುತ್ತಿದ್ದ ಬಿಸಿಲಕೋಲು, ಇವಕ್ಕೆ ಯಾವ ದಫ್ತರದಲ್ಲೂ ಕಲಮಿಲ್ಲ. ಅವನ್ನು ಹಿಡಿದಿಡುವ ಶಕ್ತಿ ಇರುವುದು ಹಾಡಿಗೆ, ಕಥೆಗೆ ಮತ್ತು ಚಿತ್ರಕ್ಕೆ.

ಇದಕ್ಕೆ ಪ್ರಸಿದ್ಧ ನಿದರ್ಶನ ಮಾರ್ಕ್ ಶಗಾಲ್. 1887ರಲ್ಲಿ ಹುಟ್ಟಿದ ಈ ಯಹೂದಿ ಕಲಾವಿದನ ಊರು ಇಂದಿನ ಬೆಲಾರೂಸಿನ ವಿಟೆಬ್ಸ್ಕ್. 1922ರಲ್ಲಿ ರಷ್ಯ ಬಿಟ್ಟ ಆತ ಮರಳಿ ತನ್ನ ಊರನ್ನು ಕಾಣಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಊರಿನ ಬಹುಭಾಗ ನೆಲಸಮವಾಯಿತು. ಆದರೂ 1985ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯ ಮರದ ಮನೆ, ಬೇಲಿ, ದನಕರುಗಳು ಅವನ ಕ್ಯಾನ್‌ವಾಸಿನ ಮೇಲೆ ಸುಳಿಯುತ್ತಲೇ ಇದ್ದವು. ಅವನ ಚಿತ್ರಗಳಲ್ಲಿ ಮನುಷ್ಯರು ಮಾಡುಗಳ ಮೇಲೆ ಹಾರುತ್ತಾರೆ. ಅಳತೆಗೋಲಿಗೆ ಇದು ತಪ್ಪು, ನೆನಪಿಗೆ ತಪ್ಪಲ್ಲ. ನೆನಪು ವಸ್ತುವನ್ನು ಅಳೆಯುವುದು ಪ್ರೀತಿಯಿಂದ.

ಕನ್ನಡದವರೇ ಆದ ಕೆ.ಕೆ. ಹೆಬ್ಬಾರರದು ಸೌಮ್ಯವಾದ ಅಗಲಿಕೆ. 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಅವರು ಬಾಳಿನ ಬಹುಪಾಲನ್ನು ಮುಂಬಯಿಯಲ್ಲಿ ಕಳೆದು 1996ರಲ್ಲಿ ಅಲ್ಲಿಯೇ ನಿಧನರಾದರು. ಪ್ಯಾರಿಸ್ಸಿನಲ್ಲಿ ಕಲಿತುಬಂದರೂ ಅವರ ಗೆರೆಗಳಲ್ಲಿ ಕೋಳಿ ಅಂಕವೂ ಕುಣಿತವೂ ಹಳ್ಳಿಯ ಜನರೂ ಮತ್ತೆ ಮತ್ತೆ ಬಂದರು. ಊರು ಬಿಟ್ಟವನಿಗೆ ಊರು ಬಿಡಲಿಲ್ಲ.

ಹಾಗೆಂದು ಚಿತ್ರವೇನೂ ಅಮರವಲ್ಲ. ವಿಜಯಪುರದ ಪೂರ್ವಕ್ಕಿರುವ ಕುಮಟಗಿ ಆದಿಲಶಾಹಿಗಳ ವಿಹಾರಧಾಮ. ಕೆರೆಯ ನಡುವಿನ ಮಂಟಪ, ಕಾರಂಜಿಗಳ ಆ ತಾಣದ ಗೋಡೆಗಳ ಮೇಲೆ ಕುದುರೆಯೇರಿ ಚೆಂಡಾಡುವವರು, ಕುಸ್ತಿಯ ಜಟ್ಟಿಗಳು ಮೂಡಿದ್ದರು. ಬಣ್ಣ ಮಾಸುತ್ತಿದ್ದ ಕಾಲದಲ್ಲಿ ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ ಅವುಗಳ ರೇಖಾಪ್ರತಿಗಳನ್ನು 1916ರ ತನ್ನ ಗ್ರಂಥದಲ್ಲಿ ಅಚ್ಚು ಹಾಕಿಸಿದ. ಗೋಡೆಯ ಮೇಲೆ ಇಂದು ಗುರುತು ಹಿಡಿಯಲು ಕಷ್ಟಪಡಬೇಕಾದದ್ದು ಪುಸ್ತಕದಲ್ಲಿ ತಿಳಿಯಾಗಿ ಸಿಗುತ್ತದೆ. ಅಂದರೆ ಚಿತ್ರದ ನೆನಪನ್ನೂ ಯಾರಾದರೂ ಸಕಾಲದಲ್ಲಿ ಕಾಪಾಡಬೇಕಾಗುತ್ತದೆ.

ಸಕಾಲವೆಂಬ ಈ ಮಾತು ಕೃಷ್ಣಾ ತೀರಕ್ಕೆ ಇಂದಿಗೂ ಅನ್ವಯಿಸುತ್ತದೆ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಗೇಟು ಏರಿದರೆ ಇನ್ನಷ್ಟು ಊರುಗಳು ಜಾಗ ಬಿಡಬೇಕಾಗುತ್ತದೆ. ಪರಿಹಾರದ ಚರ್ಚೆ ನಡೆಯಲೇಬೇಕು; ಅದು ಹಕ್ಕಿನ ಪ್ರಶ್ನೆ. ಅದರ ಜೊತೆಗೇ ಈ ಊರುಗಳ ಶಾಲೆಗಳಲ್ಲಿ ಮಕ್ಕಳ ಕೈಗೆ ಬಣ್ಣ ಕೊಟ್ಟು, ಅಜ್ಜ-ಅಜ್ಜಿಯರನ್ನು ಪಕ್ಕಕ್ಕೆ ಕೂರಿಸಿದರೆ ಹೇಗೆ? ಅಗಸಿ ಎಲ್ಲಿತ್ತು, ಹೊಳೆಗೆ ಇಳಿಯುವ ದಾರಿ ಯಾವುದು, ಯಾರ ಮನೆಯ ಮುಂದೆ ಬೇವಿನ ಮರವಿತ್ತು ಎಂದು ಅವರು ಹೇಳಬಲ್ಲರು.

ಗೆರೆ ಸೊಟ್ಟಗಿದ್ದರೂ ಚಿಂತೆಯಿಲ್ಲ. ಪುನರ್ವಸತಿ ಕೇಂದ್ರದಲ್ಲಿ ಹುಟ್ಟುವ ಮಗು ಮುಂದೊಂದು ದಿನ “ನಮ್ಮೂರು ಹ್ಯಾಂಗಿತ್ತು?” ಎಂದು ಕೇಳಿದಾಗ, ನೀರಿನತ್ತ ಬೆರಳು ತೋರಿಸಿ ಸುಮ್ಮನಾಗುವ ಬದಲು ಗೋಡೆಯ ಮೇಲಿನ ಒಂದು ಚಿತ್ರವನ್ನು ತೋರಿಸುವಂತಾಗಬೇಕು.