ಕರಾಚಿ–ಮುಂಬಯಿ: 880 ಕಿಲೋಮೀಟರಿಗೆ ಎಷ್ಟು ಹೊತ್ತು?

ದೂರ–ಕಾಲ ಸರಣಿ, ಭಾಗ 6 ✈️

ಕರಾಚಿಯಿಂದ ಮುಂಬಯಿಗೆ ವಿಮಾನದಲ್ಲಿ ಎಷ್ಟು ಹೊತ್ತು ಬೇಕು? ಮುಂದೆ ಓದೋಕ್ ಮುಂಚೆ ನೀವೇ ಒಂದು ಅಂದಾಜು ಮಾಡ್ಕೊಳ್ಳಿ. ನೇರ ಗೆರೆ ಎಳೆದ್ರೆ ಸುಮಾರು 880 ಕಿ.ಮೀ. ನಮ್ಮ ಬೆಂಗಳೂರಿಂದ ಮುಂಬಯಿಗಿರೋ ದೂರಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಒಂದೂವರೆ ಗಂಟೆ ಅಂದ್ರಾ? ಲೆಕ್ಕ ಸರಿ. ಆದ್ರೆ ಇವತ್ತು ಆ ಉತ್ತರ ನಡೆಯಲ್ಲ. ಯಾಕೆ ಅಂತ ಹೇಳೋಕೆ 1932ಕ್ಕೆ ಹೋಗ್ಬೇಕು.

ಆಗ ಲಂಡನ್ನಿನ ಟಪಾಲು ಇಂಪೀರಿಯಲ್ ಏರ್‌ವೇಸ್ ವಿಮಾನದಲ್ಲಿ ಕರಾಚಿಗೆ ಬರ್ತಿತ್ತು. ಅಲ್ಲಿಂದ ಅದನ್ನ ದಕ್ಷಿಣಕ್ಕೆ ಹಾರಿಸಿ ತರೋ ಕೆಲಸಕ್ಕೆ ಇಳಿದದ್ದು ಟಾಟಾ ಕಂಪನಿ. ಅಕ್ಟೋಬರ್ 15ರ ಬೆಳಗ್ಗೆ ಆರೂವರೆ ಸುಮಾರಿಗೆ 28 ವರ್ಷದ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಒಬ್ಬರೇ ಹೊರಟರು. ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನ, ಒಳಗೆ ಸುಮಾರು 25 ಕೆ.ಜಿ. ಕಾಗದಪತ್ರ. ರೇಡಿಯೋ ಇಲ್ಲ, ದಾರಿ ತೋರಿಸೋರು ಯಾರೂ ಇಲ್ಲ. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲ್ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ! (ಇಡೀ ಕತೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ.) ಮಧ್ಯಾಹ್ನ ಎರಡಾಗೋಕ್ ಸ್ವಲ್ಪ ಮುಂಚೆ ಮುಂಬಯಿಯ ಜುಹು ಬಯಲಲ್ಲಿ ಇಳಿದ್ರು. ಮಳೆಗಾಲದಲ್ಲಿ ನೀರು ನಿಲ್ಲೋ ಕೆಸರು ಬಯಲು ಅದು. ಒಟ್ಟು ಏಳು ಗಂಟೆ ಚಿಲ್ಲರೆ.

ಟಪಾಲು ಅಲ್ಲಿಗೇ ನಿಲ್ಲಲಿಲ್ಲ. ನೆವಿಲ್ ವಿನ್ಸೆಂಟ್ ಅನ್ನೋ ಪೈಲಟ್ ಅದನ್ನ ಮದರಾಸಿಗೆ ಒಯ್ದರು. ಈ ಯೋಜನೆ ಹೊತ್ತುಕೊಂಡು ಬಂದು ಟಾಟಾರನ್ನ ಒಪ್ಪಿಸಿದ ಮನುಷ್ಯ ಇವರೇ, ಆದ್ರೆ ಹೆಸರು ಯಾರಿಗೂ ನೆನಪಿಲ್ಲ. ಅವರು ರಾತ್ರಿ ತಂಗಿದ್ದು ಎಲ್ಲಿ ಗೊತ್ತಾ? ನಮ್ಮ ಬಳ್ಳಾರಿಯಲ್ಲಿ! ಆಗಿನ್ನೂ ಅದು ಮದರಾಸ್ ಪ್ರಾಂತ್ಯದ್ದು, ಮೈಸೂರಿಗೆ ಸೇರಿದ್ದು 1953ರಲ್ಲಿ.

ಈಗ ಮುಖ್ಯ ವಿಷಯ. 1932ರಲ್ಲಿ ಕರಾಚಿ, ಮುಂಬಯಿ, ಬಳ್ಳಾರಿ ಎಲ್ಲಾ ಒಂದೇ ಆಡಳಿತದ ಕೆಳಗಿದ್ವು. 1947ರಲ್ಲಿ ನಡುವೆ ಗಡಿ ಬಂತು. ಆಮೇಲೂ ವಿಮಾನಗಳು ಓಡಾಡ್ತಿದ್ವು, ಆದ್ರೆ ಜಗಳ ಆದಾಗೆಲ್ಲ ನಿಲ್ತಿದ್ವು. 1971ರ ಯುದ್ಧದ ನಂತರ ಮತ್ತೆ ಶುರುವಾಗೋಕೆ 1976 ಬೇಕಾಯ್ತು. 2002ರಲ್ಲಿ ಮತ್ತೆ ಬಂದ್, 2004ರಲ್ಲಿ ಶುರು. ಈ ನಡುವೆ 1982ರಲ್ಲಿ, 50 ವರ್ಷ ತುಂಬಿದ ನೆನಪಿಗೆ, 78ರ ಜೆ.ಆರ್.ಡಿ. ಹಳೇ ಲೆಪರ್ಡ್ ಮಾತ್ ವಿಮಾನ ಹತ್ತಿ ಕರಾಚಿಯಿಂದ ಮುಂಬಯಿಗೆ ಇನ್ನೊಮ್ಮೆ ಹಾರಿದ್ರು. ಈ ಸಲ ಅದು ವಿದೇಶದಿಂದ ಬಂದ ವಿಮಾನ.

2025ರ ಏಪ್ರಿಲ್ ಕೊನೆಯಲ್ಲಿ ಪಹಲ್ಗಾಮ್ ದಾಳಿಯ ನಂತರ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ಆಕಾಶವನ್ನೇ ಮುಚ್ಚಿದ್ವು. ನೇರ ವಿಮಾನ ಅದಕ್ಕೂ ಎಷ್ಟೋ ಮುಂಚೆಯೇ ನಿಂತಿತ್ತು. ಹಾಗಾಗಿ ಈ ದಾರಿ ಈಗ ದುಬೈ ಥರದ ಊರಿನ ಮೇಲೆ ಸುತ್ತಿ ಹೋಗುತ್ತೆ: ಕರಾಚಿ–ದುಬೈ ಸುಮಾರು 1,200 ಕಿ.ಮೀ., ದುಬೈ–ಮುಂಬಯಿ ಸುಮಾರು 1,900. 880ರ ಬದಲು 3,100! ಹಾರಾಟವೇ ಐದು ಗಂಟೆ. ನಡುವೆ ಕಾಯೋದು ಸೇರಿಸಿದ್ರೆ ಏಳು ಗಂಟೆ ಆರಾಮಾಗಿ ದಾಟುತ್ತೆ.

ಎತ್ತಿನ ಗಾಡಿಯ ಪೆಟ್ರೋಲಿಗೆ ಕಾದ ಪುಸ್ ಮಾತ್ ಇದಕ್ಕಿಂತ ಬೇಗ ತಲುಪಿತ್ತು.

#ದೂರಕಾಲ #ಇತಿಹಾಸ #ಬಳ್ಳಾರಿ